ಟೈಟಲ್ ಕಾರ್ಡಿನಲ್ಲಿ ಇಲ್ಲದ ಹೆಸರು

ಪ್ರಶ್ನೆ: 'ರೋಮನ್ ಹಾಲಿಡೇ' ಸಿನಿಮಾವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ಟೈಟಲ್ ಕಾರ್ಡಿನಲ್ಲಿ ಕಥೆ ಡಾಲ್ಟನ್ ಟ್ರಂಬೋ ಎಂದಿತ್ತು. ನನ್ನ ತಂದೆ ಇಟ್ಟುಕೊಂಡಿದ್ದ ಹಳೆಯ ಸಿನಿಮಾ ಪುಸ್ತಕದಲ್ಲಿ ಅದೇ ಕಥೆಗೆ ಆಸ್ಕರ್ ಪಡೆದವನು ಇಯಾನ್ ಮೆಕ್ಲೆಲನ್ ಹಂಟರ್ ಎಂದಿದೆ. ಯಾವುದನ್ನು ನಂಬಲಿ? ಬೇರೆಯವರ ಹೆಸರಿನಲ್ಲಿ ಬರೆದು ದುಡ್ಡು ಪಡೆಯುವುದು ಹೇಗೆ ಸಾಧ್ಯವಾಯಿತು? ಟ್ರಂಬೋ ಮೂಲತಃ ಕಾದಂಬರಿಕಾರ ಎಂದೂ ಕೇಳಿದ್ದೇನೆ. ಸಿನಿಮಾಕ್ಕೆ ಹೋಗಿ ಆ ಕಾದಂಬರಿಕಾರ ಹಾಳಾದನೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಎರಡನ್ನೂ ನಂಬಿ. 1954ರಲ್ಲಿ ಆ ಕಥೆಗೆ ಆಸ್ಕರ್ ಘೋಷಣೆಯಾದದ್ದು ಹಂಟರ್ ಹೆಸರಿಗೇ, ಹಾಗಾಗಿ ನಿಮ್ಮ ತಂದೆಯವರ ಪುಸ್ತಕದ್ದು ತಪ್ಪಲ್ಲ. ಕಥೆ ಮಾತ್ರ ಟ್ರಂಬೋನದು. ಆಸ್ಕರ್ ಕೊಡುವ ಅಕಾಡೆಮಿ ಅದನ್ನು ಒಪ್ಪಿ ಪ್ರಶಸ್ತಿಯನ್ನು ಅವನ ಹೆಂಡತಿ ಕ್ಲಿಯೋ ಕೈಗೆ ಕೊಟ್ಟದ್ದು 1993ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಹದಿನಾರು ವರ್ಷ ದಾಟಿತ್ತು. ಚಿತ್ರಕಥೆಯಲ್ಲೂ ಅವನ ಪಾಲಿದೆ ಎಂದು ಲೇಖಕರ ಸಂಘ ದಾಖಲೆ ತಿದ್ದಿದ್ದು ಇನ್ನೂ ತಡವಾಗಿ, 2011ರಲ್ಲಿ.

ಹಾಗೆಂದು ಹಂಟರ್‌ನನ್ನು ಕೃತಿಚೋರ ಅಂದುಕೊಳ್ಳಬೇಡಿ. ಅವನು ಟ್ರಂಬೋನ ಗೆಳೆಯ. ಗೆಳೆಯನ ಹೆಸರು ನಡೆಯದ ಕಾಲದಲ್ಲಿ ತನ್ನ ಹೆಸರನ್ನು ಕೈಗಡ ಕೊಟ್ಟ, ಕಥೆಗೆ ಬಂದ ಹಣವನ್ನು ಗೆಳೆಯನಿಗೆ ದಾಟಿಸಿದ. ಸ್ವಲ್ಪ ದಿನದಲ್ಲಿ ಅವನ ಹೆಸರೂ ಕೆಲಸ ಕೊಡಬಾರದವರ ಅದೇ ಕಪ್ಪುಪಟ್ಟಿಗೆ ಸೇರಿತು. ಕೊಟ್ಟವನ ಹೆಸರೇ ಹೋಯಿತು ಎಂಬ ಈ ವಿಚಿತ್ರ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಶುರು ಮಾಡುವುದು ಬೇಕರಿಯಿಂದ.

ಟ್ರಂಬೋ ಹುಟ್ಟಿದ್ದು 1905ರ ಡಿಸೆಂಬರ್ 9ರಂದು, ಕೊಲೊರಾಡೋ ರಾಜ್ಯದ ಮಾಂಟ್ರೋಸ್‌ನಲ್ಲಿ. ಬೆಳೆದದ್ದು ಗ್ರ್ಯಾಂಡ್ ಜಂಕ್ಷನ್ ಎಂಬ ಊರಿನಲ್ಲಿ. ಅಪ್ಪನಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಹುಡುಗ ಹೈಸ್ಕೂಲಿನಲ್ಲಿದ್ದಾಗಲೇ ಊರಿನ ಪತ್ರಿಕೆಗೆ ವರದಿ ಬರೆದ, ಒಂದು ವರ್ಷ ಕಾಲೇಜು ನೋಡಿದ. ಅಪ್ಪನ ಕೆಲಸ ಹೋಯಿತು. ಸಂಸಾರ ಲಾಸ್ ಏಂಜಲೀಸ್‌ಗೆ ಬಂತು. 1926ರಲ್ಲಿ ಅಪ್ಪನೂ ಹೋದ. ಅಮ್ಮ ಮತ್ತು ಇಬ್ಬರು ತಂಗಿಯರ ಹೊಣೆ ಹೊತ್ತ ಇಪ್ಪತ್ತರ ಹುಡುಗ ಒಂದು ದೊಡ್ಡ ಬೇಕರಿಯಲ್ಲಿ ರಾತ್ರಿ ಪಾಳಿಗೆ ಸೇರಿದ. ಕೆಲವು ತಿಂಗಳು ಮಾಡಿದರಾಯಿತು ಅಂದುಕೊಂಡದ್ದು ಎಂಟು ವರ್ಷಕ್ಕೂ ಮೇಲಾಯಿತು. ರಾತ್ರಿ ಬ್ರೆಡ್ಡು, ಹಗಲು ಬರವಣಿಗೆ. ಕಾದಂಬರಿ ಬರೆದ, ಹತ್ತಾರು ಕಥೆ ಬರೆದ. ಎಲ್ಲ ವಾಪಸ್ ಬಂದವು. ಎಷ್ಟು ಬೆಂದರೆ ಅಷ್ಟು ಕೂಲಿ, ಬೆಳಗಾಗುವುದರೊಳಗೆ ಸರಕು ಗಾಡಿ ಹತ್ತಬೇಕು ಎಂಬ ಲೆಕ್ಕ ಅವನ ಕೈಗೆ ಅಂಟಿದ್ದು ಇಲ್ಲೇ ಎಂದು ನನ್ನ ಅನಿಸಿಕೆ. ಮುಂದೆ ಅವನನ್ನು ಉಳಿಸಿದ್ದೂ ಅದೇ.

1934ರಲ್ಲಿ ವಾರ್ನರ್ ಬ್ರದರ್ಸ್‌ನಲ್ಲಿ ಕಥೆ ಓದಿ ಸಾರಾಂಶ ಬರೆದುಕೊಡುವ ಕೆಲಸ ಸಿಕ್ಕಿತು. ಮರುವರ್ಷವೇ ಮೊದಲ ಕಾದಂಬರಿ 'ಎಕ್ಲಿಪ್ಸ್' ಅಚ್ಚಾಯಿತು. ತನ್ನ ಊರಿನ ದೊಡ್ಡ ಮನುಷ್ಯರನ್ನು ಗುರುತು ಸಿಗುವಂತೆ ಅದರಲ್ಲಿ ತಂದಿದ್ದರಿಂದ ಗ್ರ್ಯಾಂಡ್ ಜಂಕ್ಷನ್ ಅವನ ಮೇಲೆ ಬಹಳ ವರ್ಷ ಮುನಿಸಿಕೊಂಡಿತ್ತು. ಆಮೇಲೆ ಸ್ಟುಡಿಯೋಗಳಿಗೆ ಸಾಲು ಸಾಲು ಚಿತ್ರಕಥೆ. 1940ರ 'ಕಿಟ್ಟಿ ಫಾಯ್ಲ್' ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ. ನಲವತ್ತರ ದಶಕದ ನಡುವಿಗೆ ಎಂ.ಜಿ.ಎಂ. ಸ್ಟುಡಿಯೋ ಜೊತೆ ಅವನ ಒಪ್ಪಂದ ವಾರಕ್ಕೆ 3,000 ಡಾಲರ್, ಅಥವಾ ಒಂದು ಚಿತ್ರಕಥೆಗೆ 75,000. ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ಲೇಖಕರಲ್ಲಿ ಅವನೂ ಒಬ್ಬ. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಈ ನಡುವೆ ಬಂದದ್ದು 'ಜಾನಿ ಗಾಟ್ ಹಿಸ್ ಗನ್'. ಬರೆದದ್ದು 1938ರಲ್ಲಿ, ಪ್ರಕಟವಾದದ್ದು 1939ರ ಸೆಪ್ಟೆಂಬರ್ 3ರಂದು, ಎರಡನೆಯ ಮಹಾಯುದ್ಧ ಶುರುವಾದ ಮೂರನೆಯ ದಿನ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಜೋ ಬಾನಮ್ ಎಂಬ ಹುಡುಗ ಆಸ್ಪತ್ರೆಯಲ್ಲಿ ಎಚ್ಚರಗೊಳ್ಳುತ್ತಾನೆ. ಕೈಯಿಲ್ಲ, ಕಾಲಿಲ್ಲ, ಮುಖವೇ ಇಲ್ಲ. ಕಣ್ಣು, ಕಿವಿ, ನಾಲಗೆ ಎಲ್ಲ ಹೋಗಿವೆ. ಉಳಿದಿರುವುದು ಚರ್ಮ ಮತ್ತು ನೆನಪು. ಹಗಲು ಯಾವಾಗ ಎಂಬುದೇ ತಿಳಿಯದವನು ಬೆಳಗಿನ ಬಿಸಿಲು ಕತ್ತಿನ ಚರ್ಮಕ್ಕೆ ತಾಗುವುದನ್ನು ಹಿಡಿದು ದಿನ ಎಣಿಸಲು ಕಲಿಯುತ್ತಾನೆ. ನರ್ಸ್ ಬರುವುದನ್ನು ಮಂಚದ ನಡುಕದಿಂದ ಗುರುತಿಸುತ್ತಾನೆ. ಕೊನೆಗೆ ತಲೆಯನ್ನು ದಿಂಬಿಗೆ ಬಡಿದು ಬಡಿದು ಮೋರ್ಸ್ ಸಂಕೇತದಲ್ಲಿ ಹೊರಗಿನವರೊಂದಿಗೆ ಮಾತಾಡಲು ಹವಣಿಸುತ್ತಾನೆ. ಇಡೀ ಪುಸ್ತಕದಲ್ಲಿ ಅಲ್ಪವಿರಾಮ ಹುಡುಕಿದರೂ ಸಿಗುವುದು ಕಷ್ಟ; ತಡೆಯಿಲ್ಲದೆ ಓಡುವ ಒಬ್ಬನ ತಲೆಯೊಳಗೇ ನಾವು ಕೂತಿರುತ್ತೇವೆ. ಜೋ ನೆನಪಿಸಿಕೊಳ್ಳುವ ಊರು ಗ್ರ್ಯಾಂಡ್ ಜಂಕ್ಷನ್, ಅವನ ಬೇಕರಿ ಟ್ರಂಬೋನದೇ ಬೇಕರಿ.

ಈ ಪುಸ್ತಕದ ಪಾಡು ಅದರ ಕಥೆಯಷ್ಟೇ ವಿಚಿತ್ರ. ಯುದ್ಧ ಬೇಡ ಎನ್ನುವ ಕಾದಂಬರಿಯನ್ನು 1940ರಲ್ಲಿ ಕಮ್ಯುನಿಸ್ಟರ ಪತ್ರಿಕೆ ಧಾರಾವಾಹಿಯಾಗಿ ಹಾಕಿತು. ಆಗ ಹಿಟ್ಲರ್ ಮತ್ತು ಸ್ಟಾಲಿನ್ ನಡುವೆ ಒಪ್ಪಂದವಿತ್ತು, ಅಮೆರಿಕದ ಕಮ್ಯುನಿಸ್ಟರು ಯುದ್ಧ ಬೇಡ ಅನ್ನುತ್ತಿದ್ದರು. 1941ರ ಜೂನ್‌ನಲ್ಲಿ ಜರ್ಮನಿ ರಷ್ಯಾದ ಮೇಲೆ ಬಿದ್ದಿತು, ಪಕ್ಷದ ಮಾತು ತಿರುಗಿತು. ಟ್ರಂಬೋನ ಮಾತೂ ತಿರುಗಿತು. ಪುಸ್ತಕದ ಪ್ರತಿಗಳು ಮುಗಿದಾಗ ಯುದ್ಧ ಮುಗಿಯುವವರೆಗೆ ಮರುಮುದ್ರಣ ಬೇಡವೆಂದು ಅವನೂ ಪ್ರಕಾಶಕರೂ ಒಪ್ಪಿಕೊಂಡರು. ಆ ಹೊತ್ತಿಗೆ ಅದನ್ನು ಬೇಡಿ ಬರೆಯುತ್ತಿದ್ದವರು ನಾಜಿಗಳೊಂದಿಗೆ ರಾಜಿಯಾಗಲಿ ಎನ್ನುವ ಬಲಪಂಥೀಯರು. ಆ ಪತ್ರಗಳನ್ನು ಕಂಡು ಗಾಬರಿಯಾಗಿ ಟ್ರಂಬೋ ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ.ಗೆ ಹೇಳಿಕಳಿಸಿದ. ಬಂದ ಅಧಿಕಾರಿಗಳಿಗೆ ಪತ್ರ ಬರೆದವರಿಗಿಂತ ಪತ್ರ ತೋರಿಸಿದವನ ಮೇಲೇ ಹೆಚ್ಚು ಕುತೂಹಲ. ಇದನ್ನು ಅವನೇ ಮುಂದೆ ಮುನ್ನುಡಿಯೊಂದರಲ್ಲಿ ನಗುತ್ತಾ ಒಪ್ಪಿಕೊಂಡ. ಅವನ ಅಭಿಮಾನಿಗಳು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ನಾನು ದಾಟಲಾರೆ: ತನ್ನ ಅತ್ಯುತ್ತಮ ಪುಸ್ತಕವನ್ನು ಪಕ್ಷದ ಹವಾಮಾನ ನೋಡಿ ಬಾಗಿಲೊಳಗೆ ಇಟ್ಟುಕೊಂಡ ಲೇಖಕ ಅವನು. ಪಕ್ಷದ ಸದಸ್ಯತ್ವ ಪಡೆದದ್ದು 1943ರಲ್ಲಿ.

ಇನ್ನು 1947. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 'ಅಮೆರಿಕ ವಿರೋಧಿ ಚಟುವಟಿಕೆ'ಗಳನ್ನು ತನಿಖೆ ಮಾಡುವ ಸಮಿತಿಯೊಂದಿತ್ತು. ಸಿನಿಮಾಗಳಲ್ಲಿ ಕಮ್ಯುನಿಸ್ಟ್ ಪ್ರಚಾರ ನುಸುಳುತ್ತಿದೆ ಎಂದು ಅದು ಹಾಲಿವುಡ್‌ನವರನ್ನು ವಾಷಿಂಗ್ಟನ್‌ಗೆ ಕರೆಸಿತು. ಅಕ್ಟೋಬರ್ 28ರಂದು ಟ್ರಂಬೋನ ಸರದಿ. ಅವನು ತನ್ನ ಇಪ್ಪತ್ತು ಚಿತ್ರಕಥೆಗಳನ್ನು ಹೊತ್ತು ತಂದಿದ್ದ. ನನ್ನ ಕೆಲಸದ ಮೇಲೆ ಆಪಾದನೆಯಿದೆ, ಇಗೋ ಕೆಲಸ, ದಾಖಲೆಗೆ ಸೇರಿಸಿಕೊಳ್ಳಿ ಎಂದ. ಒಂದೊಂದೂ ಎಷ್ಟು ಉದ್ದ ಎಂದು ವಿಚಾರಿಸಿದ ಅಧ್ಯಕ್ಷ ಪಾರ್ನೆಲ್ ಥಾಮಸ್, ಪುಟಗಳು ಜಾಸ್ತಿಯಾದವು ಎಂದು ತಳ್ಳಿಹಾಕಿದ. ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎನ್ನಿ ಎಂಬ ಒತ್ತಾಯ ಬಂದಾಗ ಟ್ರಂಬೋ ಕೊಟ್ಟ ಉತ್ತರ, ಬಹಳಷ್ಟು ಪ್ರಶ್ನೆಗಳಿಗೆ ಹೌದು-ಇಲ್ಲ ಎಂದಷ್ಟೇ ಉತ್ತರಿಸಬಲ್ಲವನು ಒಂದೋ ದಡ್ಡ, ಇಲ್ಲ ಗುಲಾಮ ಎಂದು. ಸುತ್ತಿಗೆ ಬಡಿಯಿತು, ಇಳಿಸಿದರು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 'ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಲಾರೆ' ಎಂಬ ಹಕ್ಕನ್ನು ಹಿಡಿದಿದ್ದರೆ ಜೈಲು ತಪ್ಪುತ್ತಿತ್ತು. ಆದರೆ ಹಾಗೆಂದರೆ ಏನೋ ಅಪರಾಧ ಇದೆ ಎಂದು ಒಪ್ಪಿಕೊಂಡಂತೆ ಕಾಣುತ್ತದೆ. ಟ್ರಂಬೋ ಮತ್ತು ಉಳಿದ ಒಂಬತ್ತು ಜನ ('ಹಾಲಿವುಡ್ ಟೆನ್' ಎಂದರೆ ಇವರೇ) ಅಭಿಪ್ರಾಯ ಸ್ವಾತಂತ್ರ್ಯ ಕೊಡುವ ಸಂವಿಧಾನದ ಮೊದಲ ತಿದ್ದುಪಡಿಯನ್ನು ನೆಚ್ಚಿದರು: ನಾನು ಯಾವ ಪಕ್ಷದವನು ಎಂದು ಕೇಳುವ ಅಧಿಕಾರವೇ ನಿಮಗಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಗೆಲ್ಲುತ್ತೇವೆ ಎಂಬ ಲೆಕ್ಕಾಚಾರವಿತ್ತು. 1949ರ ಬೇಸಿಗೆಯಲ್ಲಿ ಅವರ ಪರ ಒಲವಿದ್ದ ಇಬ್ಬರು ನ್ಯಾಯಮೂರ್ತಿಗಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಲೆಕ್ಕ ತಪ್ಪಿತು. ಸದನ ನಿಂದನೆಗಾಗಿ ಒಂದು ವರ್ಷ ಸಜೆ, ಸಾವಿರ ಡಾಲರ್ ದಂಡ. 1950ರ ಜೂನ್‌ನಲ್ಲಿ ಕೆಂಟಕಿಯ ಆಶ್‌ಲ್ಯಾಂಡ್ ಜೈಲಿಗೆ ಹೋದ ಟ್ರಂಬೋ ಅಲ್ಲಿ 7551ನೆಯ ನಂಬರಿನ ಕೈದಿ; ಹತ್ತು ತಿಂಗಳು ಕಳೆದ. ಇನ್ನೊಂದು ಜೈಲಿನಲ್ಲಿ ಅವನ ಇಬ್ಬರು ಜೊತೆಗಾರರಿಗೆ ಸಹಕೈದಿಯಾಗಿ ಸಿಕ್ಕಿದ್ದು ಯಾರು ಗೊತ್ತೇ? ಅದೇ ಪಾರ್ನೆಲ್ ಥಾಮಸ್. ಸರ್ಕಾರಿ ಸಂಬಳದ ಪಟ್ಟಿಯಲ್ಲಿ ಸುಳ್ಳು ಹೆಸರು ತೋರಿಸಿ ದುಡ್ಡು ನುಂಗಿದ್ದಕ್ಕೆ ಒಳಗೆ ಹೋಗಿದ್ದ. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ವಿಚಾರಣೆ ಮುಗಿದ ಮರುತಿಂಗಳೇ, 1947ರ ನವೆಂಬರ್‌ನಲ್ಲಿ, ಸ್ಟುಡಿಯೋ ಮಾಲೀಕರು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸೇರಿ ಈ ಹತ್ತು ಜನಕ್ಕೆ ಕೆಲಸವಿಲ್ಲ ಎಂದು ಸಾರಿದರು. ಕಪ್ಪುಪಟ್ಟಿ ಶುರುವಾದದ್ದು ಹೀಗೆ. ಕಾನೂನು ಮಾಡಿದ್ದಲ್ಲ, ಮಾಲೀಕರ ಒಪ್ಪಂದ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಕಾನೂನಾಗಿದ್ದರೆ ಮೀರಿದವನಿಗೆ ಶಿಕ್ಷೆ. ಮಾಲೀಕರ ಒಪ್ಪಂದಕ್ಕೆ ಮಾಲೀಕರೇ ಕದ್ದು ಕಿಂಡಿ ಕೊರೆಯಬಹುದು. ಒಳ್ಳೆಯ ಬರಹ ಅಗ್ಗಕ್ಕೆ ಸಿಗುವುದಾದರೆ ಯಾರಿಗೆ ಬೇಡ?

ದಂಧೆ ನಡೆದ ಬಗೆ ಹೀಗೆ. ಮೊದಲ ದಾರಿ, ಹಂಟರ್ ಮಾಡಿದಂತೆ ನಿಜವಾದ ಲೇಖಕನೊಬ್ಬ ಮುಂದೆ ನಿಲ್ಲುವುದು. ಸ್ಟುಡಿಯೋ ಜೊತೆ ಮಾತು, ತಿದ್ದುಪಡಿ, ಸಹಿ ಎಲ್ಲ ಅವನದು. ಹಣ ಅವನ ಖಾತೆಗೆ ಬಂದು, ಅಲ್ಲಿಂದ ಒಳಗಿಂದೊಳಗೆ ಬರೆದವನಿಗೆ. ನಮ್ಮಲ್ಲಿ ಬೇನಾಮಿ ಎಂಬ ಪದವಿದೆಯಲ್ಲ, ಹೆಚ್ಚುಕಡಿಮೆ ಅದೇ. ಎರಡನೆಯ ದಾರಿ, ಇಲ್ಲದ ಮನುಷ್ಯನನ್ನೇ ಹುಟ್ಟಿಸುವುದು. ಇದಕ್ಕೆ ಒಪ್ಪುತ್ತಿದ್ದವರು ಸಣ್ಣ ನಿರ್ಮಾಪಕರು, ಮುಖ್ಯವಾಗಿ ಕಿಂಗ್ ಸೋದರರು. ಜೈಲಿಗೆ ಹೋಗುವ ಮುಂಚೆಯೇ ಟ್ರಂಬೋ ಅವರಿಗೆ 'ಗನ್ ಕ್ರೇಜಿ'ಯ ಚಿತ್ರಕಥೆ ಮಾಡಿಕೊಟ್ಟ. ಸಿಕ್ಕಿದ್ದು 3,750 ಡಾಲರ್. 75,000ದ ಮನುಷ್ಯ! ಆ ಚಿತ್ರದಲ್ಲಿ ಮಿಲರ್ಡ್ ಕಾಫ್‌ಮನ್ ಎಂಬ ಇನ್ನೊಬ್ಬ ಗೆಳೆಯನ ಹೆಸರು ಮುಂದೆ ನಿಂತಿತ್ತು. ಕಳ್ಳಪೇಟೆಯ ಆರಂಭದ ಆ ಕಾಲದಲ್ಲಿ 18 ಚಿತ್ರಕಥೆ ಬರೆದೆ, ಸರಾಸರಿ ಸಿಕ್ಕಿದ್ದು 1,750 ಡಾಲರ್ ಎಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಬೇಕರಿಯ ಕೈ ಈಗ ಉಪಯೋಗಕ್ಕೆ ಬಂತು.

ಜೈಲಿನಿಂದ ಬಂದು 1951ರ ಕೊನೆಗೆ ಹೆಂಡತಿ, ಮೂರು ಮಕ್ಕಳನ್ನು ಕಟ್ಟಿಕೊಂಡು ಮೆಕ್ಸಿಕೋ ಸಿಟಿಗೆ ಹೋದ. ಗೆಳೆಯರ ಗುಂಪು ಅಲ್ಲಿತ್ತು, ಕೆಲಸ ಇರಲಿಲ್ಲ. 1954ರಲ್ಲಿ ಕೈ ಬರಿದು ಮಾಡಿಕೊಂಡು ಲಾಸ್ ಏಂಜಲೀಸ್‌ಗೆ ಮರಳಿದ. ಆದರೆ ಮೆಕ್ಸಿಕೋದ ಗೂಳಿಕಾಳಗ ನೋಡಿದ್ದು ವ್ಯರ್ಥವಾಗಲಿಲ್ಲ. ಒಬ್ಬ ಹುಡುಗ, ಅವನು ಸಾಕಿದ ಹೋರಿ: 'ದಿ ಬ್ರೇವ್ ಒನ್' ಎಂಬ ಕಥೆ ಕಿಂಗ್ ಸೋದರರಿಗೆ ಕೊಟ್ಟ. ಲೇಖಕ, ರಾಬರ್ಟ್ ರಿಚ್.

1957ರ ಮಾರ್ಚ್‌ನಲ್ಲಿ ಅದಕ್ಕೆ ಆಸ್ಕರ್ ಬಂತು. ವೇದಿಕೆಗೆ ಯಾರೂ ಬರಲಿಲ್ಲ. ಲೇಖಕರ ಸಂಘದ ಪದಾಧಿಕಾರಿಯೊಬ್ಬ, ರಿಚ್‌ನ ಹೆಂಡತಿಗೆ ಹೆರಿಗೆ, ಅವನು ಆಸ್ಪತ್ರೆಯಲ್ಲಿದ್ದಾನೆ ಎಂದು ಹೇಳಿ ಪ್ರತಿಮೆ ತೆಗೆದುಕೊಂಡ. ಮರುದಿನ ಹುಡುಕಿದರೆ ಅಂಥ ಸದಸ್ಯನೇ ಸಂಘದಲ್ಲಿಲ್ಲ. ಪತ್ರಕರ್ತರು ಮುಗಿಬಿದ್ದರು. ಟ್ರಂಬೋ ಇಲ್ಲಿ ಮಾಡಿದ್ದು ಅವನ ಬದುಕಿನ ಅತ್ಯಂತ ಜಾಣ ಕೆಲಸ. ನೀನೇನಾ ಎಂದು ಕೇಳಿದವರಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ತಾನು ಬರೆಯದ ಚಿತ್ರಗಳ ಬಗ್ಗೆ ಕೇಳಿದರೂ ಅದೇ ಉತ್ತರ. ಈ ವರ್ಷದ ಒಳ್ಳೆಯ ಚಿತ್ರ ಯಾವುದೇ ಇರಲಿ, ಅದರ ಹಿಂದೆ ಕಪ್ಪುಪಟ್ಟಿಯವನೊಬ್ಬ ಇರಬಹುದು ಎಂಬ ಗುಮಾನಿ ಊರೆಲ್ಲ ಹಬ್ಬಿತು. ನಮ್ಮಲ್ಲಿ ಅಂಬಿಕಾತನಯದತ್ತ ಎಂದರೆ ಬೇಂದ್ರೆ ಎಂದು ಮಕ್ಕಳಿಗೂ ಗೊತ್ತು. ಕಾವ್ಯನಾಮ ನಮಗೆ ಮೆರೆಸುವ ಹೆಸರು. ಟ್ರಂಬೋ ಮರೆಸುವ ಹೆಸರನ್ನೇ ಕೋಲು ಮಾಡಿಕೊಂಡು ಹೊಡೆದ.

ಕಪ್ಪುಪಟ್ಟಿಯವರಿಗೆ ಪ್ರಶಸ್ತಿಯಿಲ್ಲ ಎಂಬ ನಿಯಮವನ್ನು ಅಕಾಡೆಮಿ ಆ ವರ್ಷವಷ್ಟೇ ಮಾಡಿಕೊಂಡಿತ್ತು. ಮರುವರ್ಷ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕಥೆಗೆ ಬಂದ ಆಸ್ಕರ್ ಮೂಲ ಕಾದಂಬರಿ ಬರೆದ ಫ್ರೆಂಚ್ ಲೇಖಕನಿಗೆ ಹೋಯಿತು. ನಿಜವಾಗಿ ಬರೆದ ಇಬ್ಬರೂ ಪಟ್ಟಿಯಲ್ಲಿದ್ದವರು. ನಗೆಪಾಟಲು ಸಾಕಾಗಿ 1959ರ ಜನವರಿಯಲ್ಲಿ ಅಕಾಡೆಮಿ ನಿಯಮ ಕೈಬಿಟ್ಟಿತು. ಅದರ ಬೆನ್ನಿಗೇ ಟ್ರಂಬೋ ರಾಬರ್ಟ್ ರಿಚ್ ನಾನೇ ಎಂದ. 1960ರ ಜನವರಿಯಲ್ಲಿ ನಿರ್ದೇಶಕ ಆಟೋ ಪ್ರೆಮಿಂಜರ್ 'ಎಕ್ಸೋಡಸ್' ಬರೆದವನು ಟ್ರಂಬೋ ಎಂದು ಬಹಿರಂಗವಾಗಿ ಹೇಳಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತೆರೆಕಂಡ 'ಸ್ಪಾರ್ಟಕಸ್'ನಲ್ಲಿ ಹದಿಮೂರು ವರ್ಷದ ಬಳಿಕ ಅವನ ಹೆಸರು ಬಂತು. ಹೆಸರು ಕೊಡಿಸಿದ್ದು ತಾನು ಎಂದು ಆ ಚಿತ್ರದ ನಾಯಕನಟ ಕಿರ್ಕ್ ಡಗ್ಲಸ್ ಕೊನೆಯವರೆಗೂ ಹೇಳುತ್ತಿದ್ದ. ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ; ನನ್ನನ್ನು ಕೇಳಿದರೆ ಬಾಗಿಲು ಆಗಲೇ ಕೀಲು ಕಳಚಿಕೊಂಡಿತ್ತು, ಇಬ್ಬರೂ ತಳ್ಳಿದರು. 'ಸ್ಪಾರ್ಟಕಸ್' ಬಹಿಷ್ಕರಿಸಿ ಎಂದು ಹೊರಗೆ ನಿಂತವರನ್ನು ದಾಟಿ ಹೊಸ ಅಧ್ಯಕ್ಷ ಕೆನಡಿ ಒಳಗೆ ಹೋಗಿ ಚಿತ್ರ ನೋಡಿದರು.

ಅವನು ಬರೆಯುತ್ತಿದ್ದ ಜಾಗದ ಬಗ್ಗೆ ಒಂದು ಮಾತು. ಬೆನ್ನುನೋವಿಗೆ ಬಿಸಿನೀರು ಹಿತವೆಂದು ರಾತ್ರಿಯೆಲ್ಲ ಬಾತ್‌ಟಬ್ಬಿನಲ್ಲಿ ಕೂರುತ್ತಿದ್ದ. ಟಬ್ಬಿನ ಅಡ್ಡಕ್ಕೆ ಹಲಗೆ, ಹಲಗೆಯ ಮೇಲೆ ಕಾಗದ, ಕತ್ತರಿ, ಅಂಟುಪಟ್ಟಿ, ಬೂದಿಬಟ್ಟಲು. ಒಂದು ದೃಶ್ಯದ ತುಂಡು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದು, ಮಧ್ಯೆ ಸಿಗರೇಟು. ಕಿರ್ಕ್ ಡಗ್ಲಸ್ ಕೊಟ್ಟ ಗಿಳಿಯೊಂದೂ ಆ ಮನೆಯಲ್ಲಿತ್ತು. ಆ ಸಿಗರೇಟೇ ಮುಂದೆ ಶ್ವಾಸಕೋಶ ತಿಂದಿತು. 'ಪ್ಯಾಪಿಲಾನ್' ಚಿತ್ರದ ಕೆಲಸದ ಹೊತ್ತಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. 1976ರ ಸೆಪ್ಟೆಂಬರ್ 10ರಂದು ಹೃದಯಾಘಾತದಿಂದ ಸತ್ತಾಗ ಎಪ್ಪತ್ತು ವರ್ಷ. ರಾಬರ್ಟ್ ರಿಚ್‌ನ ಆಸ್ಕರ್ ಪ್ರತಿಮೆ ಕೈಗೆ ಬಂದದ್ದು ಅದಕ್ಕೆ ಒಂದು ವರ್ಷ ಮೊದಲಷ್ಟೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೌದು, ಕಾದಂಬರಿಕಾರ ನಿಂತುಹೋದ. 1941ರ 'ದಿ ರಿಮಾರ್ಕಬಲ್ ಆಂಡ್ರ್ಯೂ' ಆದಮೇಲೆ ಅವನು ಬದುಕಿದ್ದಾಗ ಹೊಸ ಕಾದಂಬರಿ ಬರಲಿಲ್ಲ, ಅದೂ ಅಷ್ಟಕ್ಕಷ್ಟೇ. ಆದರೆ ಸಿನಿಮಾ ಅವನನ್ನು ಕೆಡಿಸಿತು ಎಂಬ ಮಾತು ನನಗೆ ಸುಲಭದ ಮಾತಾಗಿ ಕಾಣುತ್ತದೆ. 'ಜಾನಿ'ಯನ್ನು ಬರೆದದ್ದೇ ಸ್ಟುಡಿಯೋ ಸಂಬಳದಲ್ಲಿದ್ದಾಗ. ಅವನ ಸಮಯ ತಿಂದದ್ದು 1,750 ಡಾಲರಿನ ಲೆಕ್ಕ. ದೊಡ್ಡ ಸಂಸಾರ, ವಕೀಲರ ಫೀಸು, ಮಾರಿಹೋದ ಜಮೀನು; ತಿಂಗಳಿಗೊಂದು ಕಥೆ ಬೇಯಿಸದಿದ್ದರೆ ಒಲೆ ಉರಿಯದು. ಅಂಥವನಿಗೆ ನಾಲ್ಕು ವರ್ಷ ಒಂದು ಪುಸ್ತಕದ ಮುಂದೆ ಕೂರುವ ಪುರುಸೊತ್ತು ಎಲ್ಲಿಂದ? ಹೆಸರು ಮರಳಿದ ಮೇಲೆ ಕೂರಬಹುದಿತ್ತಲ್ಲ ಎಂದರೆ, ಆಗ ಬೆಲೆಯೂ ಮರಳಿತ್ತು. ಅದನ್ನು ಬಿಡುವ ಮನಸ್ಸು ಅವನಿಗೆ ಬರಲಿಲ್ಲ. ಅಷ್ಟರಮಟ್ಟಿಗೆ ನಿಮ್ಮ ಅನುಮಾನ ನಿಜ. 1971ರಲ್ಲಿ 'ಜಾನಿ'ಯನ್ನು ತಾನೇ ನಿರ್ದೇಶಿಸಿದ, ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ನನಗೆ ಚಿತ್ರ ಪುಸ್ತಕದ ಹತ್ತಿರ ಸುಳಿಯುವುದಿಲ್ಲ. ಮುಖವೇ ಇಲ್ಲದವನನ್ನು ತೆರೆಯ ಮೇಲೆ ತೋರಿಸಿದ ಕ್ಷಣ ನಾವು ಅವನ ತಲೆಯಿಂದ ಹೊರಗೆ ಬಂದು ಮಂಚದ ಪಕ್ಕ ನಿಂತುಬಿಡುತ್ತೇವೆ.

ಕಪ್ಪುಪಟ್ಟಿಯ ವರ್ಷಗಳಲ್ಲಿ ಅವನ ಒಳ್ಳೆಯ ಗದ್ಯ ಹೋದದ್ದು ಪತ್ರಗಳಿಗೆ. 1942ರಿಂದ 1962ರವರೆಗಿನ ಪತ್ರಗಳ ಸಂಕಲನ 1970ರಲ್ಲಿ ಬಂತು. ಹೆಸರು 'ಅಡಿಷನಲ್ ಡೈಲಾಗ್', ಟೈಟಲ್ ಕಾರ್ಡಿನಲ್ಲಿ 'ಹೆಚ್ಚುವರಿ ಸಂಭಾಷಣೆ' ಎಂದು ಮೂಲೆಯಲ್ಲಿ ಹಾಕುತ್ತಾರಲ್ಲ, ಅದೇ. ಸಾಲಗಾರರಿಗೆ, ನಿರ್ಮಾಪಕರಿಗೆ, ಮನೆಯವರಿಗೆ ಬರೆದವು ಅದರಲ್ಲಿವೆ. ಕಿರಿಯ ಮಗಳನ್ನು ಶಾಲೆಯಲ್ಲಿ ಜೊತೆಯ ಮಕ್ಕಳು ದೂರ ಮಾಡಿದಾಗ ಅವನು ಬರೆದ ಪತ್ರದಲ್ಲಿ ಬೈಗುಳವಿಲ್ಲ, ದಿನಾಂಕ ಹಾಕಿ ಒಂದೊಂದೇ ಘಟನೆ ಇಡುತ್ತಾ ಹೋಗುತ್ತಾನೆ. ಓದುವಾಗ ಗಂಟಲು ಕಟ್ಟುತ್ತದೆ. ಮೊದಲು 'ಜಾನಿ' ಓದಿ, ಆಮೇಲೆ ಈ ಪತ್ರಗಳು. ಸಾಯುವಾಗ ಅವನ ಮೇಜಿನ ಮೇಲೆ ಅರ್ಧಕ್ಕೆ ನಿಂತ ಇನ್ನೊಂದು ಕಾದಂಬರಿಯಿತ್ತು, 'ನೈಟ್ ಆಫ್ ದಿ ಆರಾಕ್ಸ್'. ನಿರೂಪಕ ಒಬ್ಬ ನಾಜಿ. ತನ್ನ ಶತ್ರುವಿನ ತಲೆಯೊಳಗೆ ಕೂತು ಬರೆಯಲು ಹೊರಟಿದ್ದ. ಬರೆದಷ್ಟು ಅಧ್ಯಾಯಗಳು ಮತ್ತು ಟಿಪ್ಪಣಿಗಳು 1979ರಲ್ಲಿ ಅಚ್ಚಾದವು, ಈ ಸಲ ರಕ್ಷಾಪುಟದ ಮೇಲೆ ಅವನದೇ ಹೆಸರಿನಲ್ಲಿ.

ಗ್ರ್ಯಾಂಡ್ ಜಂಕ್ಷನ್ ಸಿಟ್ಟು ಬಿಟ್ಟಿದೆ. ಅಲ್ಲಿನ ಮುಖ್ಯ ಬೀದಿಯ ಚಿತ್ರಮಂದಿರದ ಮುಂದೆ ಈಗ ಟ್ರಂಬೋನ ಪ್ರತಿಮೆಯಿದೆ. ಬಾತ್‌ಟಬ್ಬಿನಲ್ಲಿ ಕೂತು ಬರೆಯುತ್ತಿದ್ದಾನೆ.